ಕಾಣದ ಕೈಗೆ ಅಕ್ಷರ ತಿದ್ದಿಸುವುದು

ದೂರದಿಂದ ಪಾಠ ಹೇಳುವುದು ಬಾನುಲಿ ಕೇಳುವ ನಮಗೆ ಹೊಸ ಸಂಗತಿಯೇನಲ್ಲ. ಆಸ್ಟ್ರೇಲಿಯದ ಆಲಿಸ್ ಸ್ಪ್ರಿಂಗ್ಸ್ ಊರಿನಿಂದ 1951ರಲ್ಲಿಯೇ, ನೂರಾರು ಮೈಲಿ ದೂರ ಚದುರಿಕೊಂಡಿದ್ದ ದನಗಾಹಿ ನೆಲೆಗಳ ಮಕ್ಕಳಿಗೆ ರೇಡಿಯೋ ಶಾಲೆ ಆರಂಭವಾಯಿತು. ಆದರೆ ಆ ರೇಡಿಯೋ ನಮ್ಮ ಮನೆಯದರಂತೆ ತಾನೊಂದೇ ಮಾತನಾಡುವಂಥದಲ್ಲ. ಆಚೆಯ ಮಗುವೂ ತನ್ನ ಯಂತ್ರದಿಂದ ಮರುನುಡಿಯಬಹುದಾಗಿತ್ತು. ಎಳೆಯರ ಪಾಠಕ್ಕೆ ಜೀವವೇ ಈ ಮರುನುಡಿ. ಅದು ಕಷ್ಟವಾದಾಗ ಏನಾಗುತ್ತದೆಂಬುದನ್ನು ನಮ್ಮ ಗದಗ ಸೀಮೆ 2020ರಲ್ಲಿ ಕಂಡಿತು.

ಆ ವರ್ಷದ ಮಾರ್ಚಿಯಲ್ಲಿ ಕೊರೋನಾ ರೋಗದ ಕಾರಣ ಮುಚ್ಚಿದ ಶಾಲೆಯ ಬಾಗಿಲು ಒಂದರಿಂದ ಐದನೆಯ ಇಯತ್ತೆಯ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಎಳೆಯರಿಗೆ ಆನ್‌ಲೈನ್ ಪಾಠ ಬೇಡವೆಂದು ಸರಕಾರ ನಿಷೇಧಿಸಿದ್ದು, ಉಚ್ಚ ನ್ಯಾಯಾಲಯ 2020ರ ಜುಲೈನಲ್ಲಿ ಆ ನಿಷೇಧವನ್ನು ತಡೆಹಿಡಿದದ್ದು ಪತ್ರಿಕೆ ಓದುವವರಿಗೆ ನೆನಪಿರಬಹುದು. ವಾದಗಳೇನೇ ಇರಲಿ, ಪಾಠ ಹೇಳಬೇಕಾದವರು ಹೇಳಲೇಬೇಕಾಗಿತ್ತು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಬೆಟಗೇರಿಯ ನೇಕಾರರ ಮನೆಯ ಹುಡುಗಿ, ಆಗ ಶಿಕ್ಷಕರ ತರಬೇತಿಯಲ್ಲಿದ್ದಳು. ಅಭ್ಯಾಸ ಪಾಠಕ್ಕೆ ಅವಳಿಗೆ ದೊರೆತದ್ದು ತರಗತಿಯಲ್ಲ, ಒಂದನೆಯ ಇಯತ್ತೆಯ ಮಕ್ಕಳ ಮನೆಯ ಫೋನ್ ನಂಬರುಗಳು. ಶಾಲೆಯಿಲ್ಲವೆಂದು ಕೆಲವು ಮಕ್ಕಳು ತಾಯಿಯ ತವರಾದ ಲಕ್ಷ್ಮೇಶ್ವರಕ್ಕೆ, ಶಿರಹಟ್ಟಿಗೆ ಹೋಗಿದ್ದರು. ಒಬ್ಬ ಹುಡುಗ ಮುಂಡರಗಿಯ ಕಡೆ, ಕಪ್ಪತಗುಡ್ಡದ ಸೆರಗಿನ ತಾಂಡಾದಲ್ಲಿದ್ದ.

ನಲಿಕಲಿ ಪದ್ಧತಿಯಲ್ಲಿ ಅಕ್ಷರ ಕಲಿಸುವುದು 'ಅ ಆ ಇ ಈ' ಎಂದಲ್ಲ. 'ರ ಗ ಸ ದ ಅ' ಎಂದು. ವರ್ಣಮಾಲೆಯ ಕ್ರಮವನ್ನೇ ಉರು ಹೊಡೆದ ನನ್ನಂಥವರ ಕಿವಿಗೆ ಇದು ಅಡ್ಡಾದಿಡ್ಡಿಯೆನಿಸಬಹುದು. ಆದರೆ ಈ ಐದೇ ಅಕ್ಷರಗಳಲ್ಲಿ ಸರ, ದರ, ಅರಸ, ಅಗಸ ಎಂಬ ಮಾತುಗಳಾಗುತ್ತವೆ; ಮಗು ಮೊದಲ ವಾರಗಳಲ್ಲಿಯೇ ಓದುವ ರುಚಿ ಕಾಣುತ್ತದೆ.

ಅವಳ ತೊಂದರೆ ಶುರುವಾದದ್ದೇ ಈ 'ಸ'ಕಾರದಿಂದ. ಗುಂಡಿ ಒತ್ತುವ ಹಳೆಯ ಮಾದರಿಯ ಫೋನು ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳ ನಡುವಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. ಸಕಾರದ ಸೀಟಿಯಂಥ ಸದ್ದಿನ ಹೆಚ್ಚಿನ ಪಾಲು ಅದಕ್ಕೂ ಮೇಲಿನದು, ದಾರಿಯಲ್ಲೇ ಉದುರಿಹೋಗುತ್ತದೆ. ದೊಡ್ಡವರಿಗೆ ಇದರಿಂದ ಬಾಧಕವಿಲ್ಲ, ಮಾತು ಮೊದಲೇ ಗೊತ್ತಿರುವುದರಿಂದ ಮನಸ್ಸು ಅದನ್ನು ತುಂಬಿಕೊಳ್ಳುತ್ತದೆ. ಅಕ್ಷರವನ್ನೇ ಹೊಸದಾಗಿ ಕೇಳುವ ಮಗುವಿಗೆ ಆ ಆಸರೆಯಿಲ್ಲ. ಇವಳು 'ಸರ' ಎಂದರೆ ಒಬ್ಬಳು 'ಫರ' ಎಂದಳು, ಇನ್ನೊಬ್ಬ 'ಹರ' ಎಂದ. ಸಾಲದ್ದಕ್ಕೆ ಇವಳ ಬೆನ್ನ ಹಿಂದೆ ಮಗ್ಗದ ಸಪ್ಪಳ ಬೇರೆ! ಕೊನೆಗೆ ಅವಳು ಅಕ್ಷರವನ್ನು ಹೇಳಿಕೊಡುವುದನ್ನು ಬಿಟ್ಟು, "ಸೈಕಲ್ ಗಾಲಿ ಗಾಳಿ ಬಿಟ್ರ ಹೆಂಗ ಸಪ್ಪಳ ಬರ್ತೈತಿ?" ಎಂದು ಕೇಳತೊಡಗಿದಳು. ಸದ್ದು ಈಗ ಫೋನಿನಲ್ಲಿ ಸಾಗಿ ಬರಬೇಕಾಗಿರಲಿಲ್ಲ, ಮಗುವಿನ ಬಾಯಲ್ಲೇ ಹುಟ್ಟುತ್ತಿತ್ತು.

ಬರವಣಿಗೆಯದು ಇನ್ನೂ ಕಠಿಣ. ದೊಡ್ಡ ಫೋನು ಇದ್ದ ಮನೆಗಳಿಂದ ಪಾಟಿಯ ಚಿತ್ರ ಬರುತ್ತಿತ್ತು. ಚಿತ್ರದಲ್ಲಿ ಮುಗಿದ ಅಕ್ಷರ ಕಾಣುತ್ತದೆಯೇ ಹೊರತು ಕೈ ನಡೆದ ದಾರಿ ಕಾಣುವುದಿಲ್ಲ. ಅಕ್ಷರವನ್ನು ಬಾಲದಿಂದ ಹಿಡಿದು ತಲೆಗೆ ಬರೆದರೂ ಚಿತ್ರ ಒಂದೇ. ಆ ರೂಢಿ ಬಿದ್ದ ಕೈ ಮುಂದೆ ವೇಗವಾಗಿ ಬರೆಯಲಾರದು. ಕೆಲವು ಅಕ್ಷರಗಳಂತೂ ಅನುಮಾನ ಬರುವಷ್ಟು ದುಂಡಗಿರುತ್ತಿದ್ದವು, ಅವು ಅಕ್ಕನ ಕೈಯವು. ಅದಕ್ಕಾಗಿ ಅವಳು ಬರೆಯುತ್ತಲೇ ದಾರಿಯನ್ನು ಬಾಯಿಬಿಟ್ಟು ಹೇಳಲು ಕಲಿಸಿದಳು. "ಅಕ್ಕೋರ, ಮ್ಯಾಲಿಂದ ಕೆಳಗ ಬಂದ್ನಿ, ಅಲ್ಲೇ ಹೊಳ್ಳಿ ಸುತ್ತ ಹೊಡದ್ನಿ" ಎಂದು ಮಗು ಹೇಳಿದರೆ ಕಣ್ಣಿಲ್ಲದೆಯೇ ಕೈ ಕಂಡಂತೆ. ತಾನು ಒಂದು ನಿಮಿಷ ಆಡಿ ಐದು ನಿಮಿಷ ಕೇಳುವುದು ಅವಳ ಪಾಠದ ಕ್ರಮವಾಯಿತು. ತರಬೇತಿಯ ಪಾಠಯೋಜನೆಯ ಪುಸ್ತಕದಲ್ಲಿ ಇದಕ್ಕೊಂದು ಅಂಕಣವಿರಲಿಲ್ಲವೆಂಬುದು ಬೇರೆ ಮಾತು.

ಇದಿಷ್ಟೂ ಮರುನುಡಿ ಬರುವ ಮನೆಗಳ ಕಥೆ. ತಾಂಡಾದ ಹುಡುಗನ ಮನೆಯ ಫೋನು ತಂದೆಯ ಕಿಸೆಯಲ್ಲಿರುತ್ತಿತ್ತು, ತಂದೆ ಕೂಲಿಗೆ ಹೋಗುತ್ತಿದ್ದ. ರಾತ್ರಿ ಫೋನು ಸಿಕ್ಕಾಗ ಹುಡುಗ ತೂಕಡಿಸುತ್ತಿದ್ದ. ಮನೆಯ ಮಾತು ಲಂಬಾಣಿ. ಕವಿರಾಜಮಾರ್ಗ ಕನ್ನಡದ ತಿರುಳೆಂದು ಹೆಸರಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿಂದ ಬಹಳ ದೂರವಿಲ್ಲದ ಆ ತಾಂಡಾದ ಮಗುವಿಗೆ ಕನ್ನಡ ಸಿಗುವುದು ಶಾಲೆಯಲ್ಲಿ. ಶಾಲೆ ಮುಚ್ಚಿದರೆ ಅವನಿಗೆ ಅಕ್ಷರವಷ್ಟೇ ಅಲ್ಲ, ಭಾಷೆಯೂ ಮುಚ್ಚಿದಂತೆ.

2020ರ ಆಗಸ್ಟ್‌ನಲ್ಲಿ ಸರಕಾರ ವಿದ್ಯಾಗಮವೆಂಬ ಯೋಜನೆ ತಂದಿತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಕಲಿಸಿದರು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಬಂದು ಅಕ್ಟೋಬರ್‌ನಲ್ಲಿ ಅದು ನಿಂತಿತು. ನಿಲ್ಲಿಸಿದ್ದು ತಪ್ಪೆನ್ನಲಾರೆ. ಆದರೆ ಕಟ್ಟೆಯ ಮೇಲೆ ಮಗುವಿನ ಕೈ ಹಿಡಿದು ಕಲಿಸಿದ್ದು ತಿಂಗಳುಗಟ್ಟಲೆ ಫೋನಿನಲ್ಲಿ ಕಲಿಸಿದ್ದಕ್ಕಿಂತ ಹೆಚ್ಚೆಂದು ಆ ಹುಡುಗಿ ಇಂದಿಗೂ ಹೇಳುತ್ತಾಳೆ.

ಶಾಲೆ ತೆರೆದಾಗ ತಾಂಡಾದ ಹುಡುಗನ ಹೆಸರು ಎರಡನೆಯ ಇಯತ್ತೆಯ ಹಾಜರಿಯಲ್ಲಿತ್ತು. ಒಂದನೆಯ ಇಯತ್ತೆಯಲ್ಲಿ ಅವನು ಒಂದು ದಿನವೂ ಕುಳಿತಿರಲಿಲ್ಲ. 'ಅರಸ' ಎಂದು ಬಾಯಲ್ಲಿ ಹೇಳುತ್ತಿದ್ದ, ಪಾಟಿಯ ಮೇಲೆ ಬಾರದು. ನಲಿಕಲಿಯಲ್ಲಿ ಒಂದರಿಂದ ಮೂರನೆಯ ಇಯತ್ತೆಯ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಪ್ರತಿ ಮಗುವೂ ಕಲಿಕೆಯ ಏಣಿಯಲ್ಲಿ ತಾನಿರುವ ಮೆಟ್ಟಿಲಿನಿಂದಲೇ ಹತ್ತುತ್ತದೆ. ಹೀಗಾಗಿ ಅವನನ್ನು ತನಗಿಂತ ಚಿಕ್ಕವರ ಜೊತೆ ನೆಲದ ಮೇಲೆ ಕೂರಿಸಿ, 'ರ'ಕಾರದಿಂದ ಆರಂಭಿಸಿದರು.