ರೇಸ್ ಕಾರಿನ ಸೀಟು, ಕಬ್ಬಿಣದ ಕಮಾನು ಮತ್ತು ನಮ್ಮ ಮನೆಯ ಮಕ್ಕಳು

ಮನೆಗೆ ಒಂದು ಕಾರು ಬಂದರೆ ಹೆತ್ತವರಿಗೆ ಎಷ್ಟೋ ನೆಮ್ಮದಿ. ಮಗ ಬೈಕ್ ಬಿಟ್ಟು ಕಾರಿನಲ್ಲಿ ಓಡಾಡುತ್ತಾನೆ. ಸಿರುಗುಪ್ಪದ ಮದುವೆಗೂ ಕುರುಗೋಡಿನ ತವರಿಗೂ ಬಸ್ಸಿಗಾಗಿ ಕಾಯಬೇಕಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಮಗನ ಬೇಡಿಕೆಗಳು ಒಂದೊಂದಾಗಿ ಹೊರಬರುತ್ತವೆ. ಮೊದಲು ಅಗಲವಾದ ಚಕ್ರ, ನಂತರ ಗದ್ದಲ ಮಾಡುವ ಸೈಲೆನ್ಸರ್, ಕೊನೆಗೆ ರೇಸ್ ಕಾರಿನಲ್ಲಿರುವಂತಹ ಸೀಟು ಮತ್ತು ಅದರ ಹಿಂದೆ ಕಬ್ಬಿಣದ ಕಮಾನು. ಖರ್ಚು ಜಾಸ್ತಿಯಾಯಿತೆಂದು ತಾಯಿ ಗೊಣಗಿದರೆ, “ಅಮ್ಮೀ, ಇದು ಶೋಕಿಗಲ್ಲ, ಸೇಫ್ಟಿಗೆ” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಬಳ್ಳಾರಿಗೆ ಕಾರಿನ ಮೋಹ ಹೊಸದೇನಲ್ಲ. 2000ದ ದಶಕದಲ್ಲಿ ಅದಿರಿನ ಹಣ ಹರಿದಾಗ ಈ ಊರಿನ ಧೂಳಿನ ರಸ್ತೆಗಳಲ್ಲಿ ವಿದೇಶಿ ಕಾರುಗಳು ಓಡಿದವು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆಯನ್ನು ತಡೆದ ಮೇಲೆ ಆ ಅಬ್ಬರ ಇಳಿಯಿತು. ಆದರೆ ಮೋಹ ಇಳಿಯಲಿಲ್ಲ. ಅಂದು ಶ್ರೀಮಂತರ ಮಕ್ಕಳಿಗೆ ಮಾತ್ರವಿದ್ದ ಆಸೆ ಇಂದು ಹಳೆಯ ಕಾರು ಕೊಂಡ ಸಾಧಾರಣ ಮನೆಯ ಹುಡುಗನಿಗೂ ಇದೆ.

ಹಾಗಾದರೆ ಆ ಸೀಟು ಮತ್ತು ಆ ಕಮಾನು ನಿಜವಾಗಿಯೂ ಜೀವ ಉಳಿಸುತ್ತವೆಯೇ? ರೇಸ್ ಕಾರಿನಲ್ಲಿ ಹೌದು. ನಮ್ಮ ಮನೆಯ ಕಾರಿನಲ್ಲಿ ಅವೇ ಜೀವಕ್ಕೆ ಕುತ್ತಾಗಬಹುದು. ಈ ವ್ಯತ್ಯಾಸ ಮನೆಯ ತಾಯಂದಿರಿಗೆ ತಿಳಿದಿರಬೇಕು. ಏಕೆಂದರೆ ಹಣ ಕೊಡಬೇಕೋ ಬೇಡವೋ ಎಂಬ ಮಾತು ಹೆಚ್ಚಾಗಿ ಅಡುಗೆಮನೆಯಲ್ಲೇ ತೀರ್ಮಾನವಾಗುತ್ತದೆ.

ರೇಸ್ ಕಾರಿನೊಳಗೆ ಏನಿದೆ?

ರೇಸ್ ಕಾರಿನ ಸೀಟು ನಮ್ಮ ಕಾರಿನ ಸೀಟಿನಂತೆ ಮೆತ್ತಗಿರುವುದಿಲ್ಲ, ಹಿಂದಕ್ಕೆ ಬಾಗುವುದೂ ಇಲ್ಲ. ಅದು ಫೈಬರಿನಿಂದ ಮಾಡಿದ ಒಂದೇ ತುಂಡಿನ ಚಿಪ್ಪು. ಸೊಂಟ, ಭುಜ ಮತ್ತು ತಲೆಯನ್ನು ಎರಡೂ ಬದಿಯಿಂದ ಹಿಡಿದುಕೊಳ್ಳುತ್ತದೆ. ಸಾಮಾನ್ಯ ಸೀಟಿಗಿಂತ ಬಹಳ ಹಗುರ. ರೇಸಿನಲ್ಲಿ ಒಂದೊಂದು ಕಿಲೋ ಭಾರ ಕಡಿಮೆಯಾದರೂ ಲಾಭ. ಆದ್ದರಿಂದಲೇ ಕಾರಿನ ಹಿಂದಿನ ಸೀಟು, ನೆಲದ ಹಾಸು ಎಲ್ಲವನ್ನೂ ಕಿತ್ತು ಹಾಕುತ್ತಾರೆ.

ಆ ಸೀಟಿನಲ್ಲಿ ಕುಳಿತವನನ್ನು ಹಾರ್ನೆಸ್ ಎಂಬ ಪಟ್ಟಿಗಳಿಂದ ಬಿಗಿಯುತ್ತಾರೆ. ಎರಡು ಭುಜದ ಮೇಲಿನಿಂದ, ಎರಡು ಸೊಂಟದ ಬದಿಯಿಂದ, ಎರಡು ತೊಡೆಯ ನಡುವಿನಿಂದ ಬಂದು ಹೊಟ್ಟೆಯ ಬಳಿ ಒಂದೇ ಬಕಲಿನಲ್ಲಿ ಸೇರುತ್ತವೆ. ತಲೆಗೆ ಹೆಲ್ಮೆಟ್ ಇರುತ್ತದೆ. ಆ ಹೆಲ್ಮೆಟ್ ಮುಂದಕ್ಕೆ ಎಗರಿ ಕುತ್ತಿಗೆ ಮುರಿಯದಂತೆ ತಡೆಯಲು ಭುಜದ ಮೇಲೆ ಮತ್ತೊಂದು ಸಾಧನವಿರುತ್ತದೆ.

ಇನ್ನು ಕಬ್ಬಿಣದ ಕಮಾನು. ಒಂದೇ ಕಮಾನು ಇದ್ದರೆ ಅದಕ್ಕೆ ರೋಲ್ ಬಾರ್ ಎನ್ನುತ್ತಾರೆ. ಸುತ್ತಲೂ ಗೂಡಿನಂತೆ ಕೊಳವೆಗಳಿದ್ದರೆ ಅದು ರೋಲ್ ಕೇಜ್. ಕಾರು ಪಲ್ಟಿಯಾದಾಗ ಛಾವಣಿ ಕುಸಿದು ತಲೆಯ ಮೇಲೆ ಬೀಳದಂತೆ ತಡೆಯುವುದೇ ಇದರ ಕೆಲಸ. ಕಾರ್ ರೇಸಿನ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಐಎ ಇದಕ್ಕೆ ಕಟ್ಟುನಿಟ್ಟಾದ ಅಳತೆ ಹಾಕಿದೆ. ಮುಖ್ಯ ಕಮಾನಿನ ಉಕ್ಕಿನ ಕೊಳವೆ 45 ಮಿಲಿಮೀಟರ್ ವ್ಯಾಸ ಮತ್ತು 2.5 ಮಿಲಿಮೀಟರ್ ದಪ್ಪ, ಇಲ್ಲವೇ 50 ಮಿಲಿಮೀಟರ್ ವ್ಯಾಸ ಮತ್ತು 2 ಮಿಲಿಮೀಟರ್ ದಪ್ಪ ಇರಬೇಕು. ಉದ್ದಕ್ಕೂ ಜೋಡಣೆಯ ಗೆರೆಯಿಲ್ಲದ ಕೊಳವೆಯೇ ಆಗಬೇಕು. ಹೆಲ್ಮೆಟ್ ತಾಗಬಹುದಾದ ಕಡೆ ಮೆತ್ತೆ ಸುತ್ತಿರಬೇಕು.

ನಮ್ಮ ಕನ್ನಡ ನಾಡಿನ ಅಂಚಿನವರೇ ಆದ ಕಾಸರಗೋಡಿನ ಮೂಸಾ ಶರೀಫ್ ದೇಶದ ಹೆಸರಾಂತ ರ‍್ಯಾಲಿ ಸಹಚಾಲಕರು. ಚಾಲಕನ ಪಕ್ಕ ಕುಳಿತು, ಕೈಯಲ್ಲಿ ಟಿಪ್ಪಣಿ ಹಿಡಿದು, ಮುಂದಿನ ತಿರುವು ಎಂತಹದೆಂದು ಕೂಗಿ ಹೇಳುವುದು ಅವರ ಕೆಲಸ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ಪನ್ನು ಹಲವು ಬಾರಿ ಗೆದ್ದವರು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ನಡೆಯುವಂತಹ ರ‍್ಯಾಲಿಗಳಲ್ಲಿ ಇಂತಹ ಗೂಡಿಲ್ಲದ ಕಾರನ್ನು ಓಡಲು ಬಿಡುವುದೇ ಇಲ್ಲ.

2022ರ ಜುಲೈ 3ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ನಡೆದ ಫಾರ್ಮುಲಾ ಒನ್ ರೇಸನ್ನು ನೋಡಿ. ಚೀನಾದ ಚಾಲಕ ಝೋ ಗ್ವಾನ್ಯು ಅವರ ಕಾರು ಮಗುಚಿ, ತಲೆಕೆಳಗಾಗಿಯೇ ಜಾರುತ್ತಾ ಹೋಗಿ ಬೇಲಿಗೆ ಬಡಿಯಿತು. ತಲೆಯ ಹಿಂದಿದ್ದ ಕಮಾನು ಮುರಿದೇ ಹೋಯಿತು. ಆದರೆ ತಲೆಯ ಸುತ್ತ ಇದ್ದ ‘ಹೇಲೋ’ ಎಂಬ ಎರಡನೇ ಚೌಕಟ್ಟು ಗಟ್ಟಿಯಾಗಿ ನಿಂತಿತು. 2018ರಲ್ಲಷ್ಟೇ ಅದನ್ನು ಕಡ್ಡಾಯ ಮಾಡಲಾಗಿತ್ತು. ಝೋ ಜೀವಂತವಾಗಿ ಹೊರಬಂದರು. ಆ ಬಳಿಕ ಕಮಾನಿನ ನಿಯಮಗಳನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಪರಿಣತ ಎಂಜಿನಿಯರುಗಳು ಪರೀಕ್ಷಿಸಿ ಕೂರಿಸಿದ ಕಮಾನೇ ಮುರಿಯಬಹುದಾದರೆ, ಗೇಟು ಕಿಟಕಿ ಬೆಸೆಯುವ ಅಂಗಡಿಯಲ್ಲಿ ಅಳತೆಯಿಲ್ಲದೆ ಮಾಡಿದ ಕಮಾನಿನ ಗತಿಯೇನು?

ಅದೇ ವಸ್ತು ನಮ್ಮ ಕಾರಿಗೆ ಬಂದಾಗ

ಬಳ್ಳಾರಿಯ ಎಷ್ಟೋ ಮನೆಗಳಲ್ಲಿ ಜೀನ್ಸ್ ಹೊಲಿಯುವ ಸಹೋದರಿಯರಿದ್ದಾರೆ. ಅವರಿಗೆ ಒಂದು ಮಾತು ಬೇಗ ಅರ್ಥವಾಗುತ್ತದೆ. ಜೇಬಿನ ತುದಿಗೆ ಗಟ್ಟಿ ಹೊಲಿಗೆ ಬೀಳುವುದು ಅಲ್ಲಿ ಎಳೆತ ಹೆಚ್ಚೆಂದು. ಬಟ್ಟೆ, ದಾರ, ಹೊಲಿಗೆ ಮೂರೂ ಒಂದಕ್ಕೊಂದು ಹೊಂದಬೇಕು. ತೆಳು ಬಟ್ಟೆಗೆ ದಪ್ಪ ದಾರ ಹಾಕಿ ಬಿಗಿದರೆ ದಾರ ಉಳಿಯುತ್ತದೆ, ಬಟ್ಟೆ ಹರಿಯುತ್ತದೆ. ಕಾರಿನಲ್ಲಿಯೂ ಸೀಟು, ಬೆಲ್ಟ್ ಮತ್ತು ಛಾವಣಿ ಒಂದಕ್ಕೊಂದು ಹೊಂದಿಸಿ ಮಾಡಿದ ಮೂರು ಭಾಗಗಳು. ಒಂದನ್ನು ಮಾತ್ರ ಬದಲಾಯಿಸಿದರೆ ಉಳಿದೆರಡೂ ಕೆಡುತ್ತವೆ.

ಮೊದಲನೆಯದು ತಲೆಯ ಮಾತು. ರೇಸ್ ಚಾಲಕನಿಗೆ ಹೆಲ್ಮೆಟ್ ಇದೆ. ಮದುವೆಗೆ ಹೊರಟ ನಮ್ಮ ತಲೆಯ ಮೇಲೆ ದುಪಟ್ಟಾ ಅಥವಾ ಟೋಪಿ ಮಾತ್ರ ಇರುತ್ತದೆ. ಸಣ್ಣ ಡಿಕ್ಕಿಯಲ್ಲೂ ತಲೆ ಆ ಉಕ್ಕಿನ ಕೊಳವೆಗೆ ಬಡಿಯಬಹುದು. ಹಿಂದೆ ಮಕ್ಕಳು ಕುಳಿತಿದ್ದರೆ ಅವರ ಮುಖದ ಎದುರಿಗೇ ಆ ಕಬ್ಬಿಣ ಇರುತ್ತದೆ. ರಕ್ಷಣೆಗೆಂದು ಹಾಕಿದ್ದೇ ಸುತ್ತಿಗೆಯಂತೆ ಹೊಡೆಯುತ್ತದೆ.

ಎರಡನೆಯದು ಏರ್‌ಬ್ಯಾಗ್. ಈಗಿನ ಎಷ್ಟೋ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಮುಂದಿನ ಸೀಟಿನ ಬದಿಯೊಳಗೇ ಇರುತ್ತದೆ. ಸೀಟನ್ನು ಕಿತ್ತರೆ ಅದೂ ಹೋಯಿತು. ಸೀಟಿನ ಕೆಳಗಿನ ತಂತಿಗಳನ್ನು ಬಿಚ್ಚಿದರೆ ಏರ್‌ಬ್ಯಾಗಿನ ವ್ಯವಸ್ಥೆಯೇ ಕೆಡಬಹುದು. ಸೀಟು ಬದಲಾಯಿಸದೆ ದಪ್ಪನೆಯ ಕವರನ್ನು ಬಿಗಿಯಾಗಿ ಹೊಲಿಸಿ ಹಾಕಿದರೂ ಇದೇ ತೊಂದರೆ. ಕವರು ಕೊಳ್ಳುವಾಗ ಏರ್‌ಬ್ಯಾಗ್ ಇರುವ ಬದಿ ತೆರೆದಿದೆಯೇ ಎಂದು ಕೇಳಲೇಬೇಕು.

ಮೂರನೆಯದು ಬೆಲ್ಟ್. ರೇಸಿನ ಹಾರ್ನೆಸ್ ಭುಜವನ್ನು ಅಲುಗಾಡಲು ಬಿಡುವುದಿಲ್ಲ. ಕುತ್ತಿಗೆಯ ಸಾಧನವಿಲ್ಲದೆ ಅದನ್ನು ಹಾಕಿಕೊಂಡರೆ ಎದುರಿನ ಡಿಕ್ಕಿಯಲ್ಲಿ ಇಡೀ ತಲೆಯ ಭಾರ ಕುತ್ತಿಗೆಗೆ ಬೀಳುತ್ತದೆ. ಗೂಡಿಲ್ಲದ ಕಾರು ಮಗುಚಿ ಛಾವಣಿ ಕುಸಿದರೆ, ಪಕ್ಕಕ್ಕೆ ಬಾಗಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ.

ಇನ್ನು ಕಾನೂನು. ಕಾರ್ಖಾನೆಯಿಂದ ಬಂದ ವಾಹನದ ಮೂಲ ವಿವರ ಬದಲಾಗುವಂತೆ ಮಾರ್ಪಾಡು ಮಾಡಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಕಾನೂನಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಹಿಂದಿನ ಸೀಟು ತೆಗೆದು ಕಮಾನು ಹಾಕಿದರೆ ಐದು ಜನರ ಕಾರು ಇಬ್ಬರ ಕಾರಾಗುತ್ತದೆ, ಆರ್‌ಸಿಯಲ್ಲಿ ಬರೆದದ್ದೇ ಸುಳ್ಳಾಗುತ್ತದೆ. ವಿಮಾ ಕಂಪೆನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತವಾದಾಗ ಪರಿಹಾರಕ್ಕೇ ಅಡ್ಡ ಬರಬಹುದು. ಕಾರಿನ ಮುಂದೆ ಹಾಕುವ ಕಬ್ಬಿಣದ ಕ್ರ್ಯಾಶ್ ಗಾರ್ಡಿನ ವಿರುದ್ಧವೂ ಕ್ರಮ ಕೈಗೊಳ್ಳುವಂತೆ ಕೇಂದ್ರ ಸರಕಾರ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ.

ನಮ್ಮ ಕಾರಿನಲ್ಲಿ ಈಗಾಗಲೇ ಇರುವುದು

ಸಾವಿರಾರು ರೂಪಾಯಿ ಕೊಟ್ಟು ತರಬೇಕೆಂದಿರುವ ರಕ್ಷಣೆಯ ಬಹುಪಾಲು ಕಾರಿನ ಜೊತೆಗೇ ಬಂದಿದೆ. ನಾವು ಅದನ್ನು ಸೀಟಿನ ಸಂದಿಗೆ ತುರುಕಿ ಅದರ ಮೇಲೆಯೇ ಕುಳಿತಿರುತ್ತೇವೆ. ಭುಜದಿಂದ ಸೊಂಟಕ್ಕೆ ಬರುವ ಇಂದಿನ ಮೂರು ಬಿಂದುಗಳ ಬೆಲ್ಟನ್ನು ರೂಪಿಸಿದವರು ಸ್ವೀಡನ್ ದೇಶದ ವೋಲ್ವೋ ಕಂಪೆನಿಯ ಎಂಜಿನಿಯರ್ ನಿಲ್ಸ್ ಬೋಲಿನ್. ಅದು 1959ರಲ್ಲಿ. ಎಲ್ಲರ ಜೀವ ಉಳಿಯಲೆಂದು ಆ ಕಂಪೆನಿ ಅದರ ವಿನ್ಯಾಸವನ್ನು ಇತರ ಕಂಪೆನಿಗಳಿಗೂ ಬಳಸಲು ಬಿಟ್ಟುಕೊಟ್ಟಿತು.

ಬೆಲ್ಟ್ ಮುಂದಿನವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಆಳವಾಗಿದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರ ಕಾರು ಸೇತುವೆಗೆ ಬಡಿಯಿತು. ಅದು ಬೆಲೆಬಾಳುವ, ಗಟ್ಟಿಮುಟ್ಟಾದ ಕಾರು. ಮುಂದೆ ಕುಳಿತ ಇಬ್ಬರು ಗಾಯಗೊಂಡು ಬದುಕಿದರು. ಹಿಂದೆ ಬೆಲ್ಟ್ ಹಾಕದೆ ಕುಳಿತ ಇಬ್ಬರೂ ತೀರಿಕೊಂಡರು. ನಮ್ಮ ಕುಟುಂಬಗಳಲ್ಲಿ ಹಿಂದೆ ಕೂರುವವರು ಯಾರು? ತಾಯಿ, ಅಜ್ಜಿ, ಸೊಸೆ ಮತ್ತು ಮಕ್ಕಳು.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾಗುವುದೆಂದರೆ ಸುಮಾರು 10 ಮೀಟರ್, ಅಂದರೆ ಮೂರು ಮಹಡಿ ಎತ್ತರದಿಂದ ನೆಲಕ್ಕೆ ಬೀಳುವಷ್ಟು ಏಟು. ಆ ಕ್ಷಣದಲ್ಲಿ ಮಡಿಲಲ್ಲಿರುವ 8 ಕಿಲೋ ತೂಕದ ಮಗುವನ್ನು ಹಿಡಿದು ನಿಲ್ಲಿಸಲು ಸುಮಾರು 150 ಕಿಲೋ ಎತ್ತುವಷ್ಟು ಬಲ ಬೇಕು. ಸಿರುಗುಪ್ಪದ ರೈಸ್ ಮಿಲ್ಲಿನಿಂದ ಬರುವ 25 ಕಿಲೋ ಅಕ್ಕಿಯ ಮೂಟೆಗಳನ್ನು ಆರು ಎಣಿಸಿ ನೋಡಿ. ಯಾವ ತಾಯಿಯ ತೋಳೂ ಅದನ್ನು ತಡೆಯಲಾರದು. ತಾಯಿ ಮಗುವನ್ನು ಅಪ್ಪಿಕೊಂಡಿರುವುದು ಪ್ರೀತಿ, ಆದರೆ ಅದು ರಕ್ಷಣೆಯಲ್ಲ. ಮಗುವಿಗೆ ಅದರ ವಯಸ್ಸಿಗೆ ತಕ್ಕ ಚೈಲ್ಡ್ ಸೀಟು ಬೇಕು. ರೇಸಿನ ಸೀಟಿಗೆ ಕೂಡಿಟ್ಟ ಹಣ ಇಲ್ಲಿ ಸಾರ್ಥಕವಾಗುತ್ತದೆ.

ಬುರ್ಖಾ ಧರಿಸಿದವರು ಬಟ್ಟೆಯ ಮಡಿಕೆ ಸರಿಪಡಿಸಿಕೊಂಡು ಬೆಲ್ಟನ್ನು ಭುಜದ ಮೇಲಿನಿಂದ, ಎದೆಯ ನಡುವಿನಿಂದ ತರಬೇಕು. ಕಂಕುಳ ಕೆಳಗೆ ಹಾಕಬಾರದು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಇರಬೇಕು. ಗರ್ಭಿಣಿಯರೂ ಬೆಲ್ಟ್ ಹಾಕಲೇಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ಮೇಲಿನದು ಎರಡು ಸ್ತನಗಳ ನಡುವೆ ಹಾದು ಹೋಗಲಿ.

“ಬರುವುದು ಬಂದೇ ತೀರುತ್ತದೆ” ಎನ್ನುವವರಿದ್ದಾರೆ. ತವಕ್ಕುಲ್ ಎಂದರೆ ಒಂಟೆಯನ್ನು ಕಟ್ಟದೆ ಬಿಡುವುದಲ್ಲವೆಂದು ಮದ್ರಸಾದ ಚಿಕ್ಕ ಮಕ್ಕಳಿಗೂ ಗೊತ್ತು.

ಕಮಾನು ನಿಜವಾಗಿ ಬೇಕಾದದ್ದು ಎಲ್ಲಿ?

ಕುರುಗೋಡು, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ರೋಲ್ ಬಾರ್ ಬೇಕಾದ ವಾಹನ ಒಂದಿದೆ. ಅದು ಟ್ರ್ಯಾಕ್ಟರ್. ಕಾಲುವೆಯ ದಂಡೆ, ಎತ್ತರದ ಬದು, ಕೆಸರುಗದ್ದೆ, ಹಿಂದೆ ಭಾರದ ಟ್ರಾಲಿ. ಹಿಂದಿನ ಚಕ್ರ ಕೆಸರಿನಲ್ಲಿ ಹೂತು ನಿಂತಾಗ ಎಂಜಿನ್ನಿಗೆ ಜೋರು ಕೊಟ್ಟರೆ ಮೂತಿ ಮೇಲೆದ್ದು ಕ್ಷಣಾರ್ಧದಲ್ಲಿ ಹಿಂದಕ್ಕೆ ಮಗುಚಬಹುದು. ಜಿಗಿಯಲು ಸಮಯವಿರುವುದಿಲ್ಲ.

ಬೋಲಿನ್ ಬೆಲ್ಟ್ ರೂಪಿಸಿದ ಅದೇ 1959ರಲ್ಲಿ, ಅದೇ ಸ್ವೀಡನ್ ದೇಶ ಹೊಸ ಟ್ರ್ಯಾಕ್ಟರುಗಳಿಗೆ ರಕ್ಷಣಾ ಚೌಕಟ್ಟನ್ನು ಕಡ್ಡಾಯ ಮಾಡಿತು. ಮುಂದಿನ ದಶಕಗಳಲ್ಲಿ ಟ್ರ್ಯಾಕ್ಟರ್ ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಬಹುತೇಕ ಇಲ್ಲವಾಯಿತು. ನಮ್ಮ ಹೊಲಗಳಲ್ಲಿ ಓಡುವ ಹಳೆಯ ಟ್ರ್ಯಾಕ್ಟರುಗಳಲ್ಲಿ ಅಂತಹ ಕಮಾನು ಕಾಣುವುದು ಅಪರೂಪ. ಬಿಸಿಲಿಗೆ ಹಾಕಿಸಿದ ತಗಡಿನ ಚಪ್ಪರ ಕಮಾನಲ್ಲ, ಮಗುಚಿದರೆ ಅದು ಕಾಗದದಂತೆ ಮುದುಡುತ್ತದೆ. ಹೊಸ ಟ್ರ್ಯಾಕ್ಟರ್ ಕೊಳ್ಳುವ ಮನೆಯವರು ಕಂಪೆನಿಯೇ ಪರೀಕ್ಷಿಸಿ ಕೂರಿಸಿದ ರೋಲ್ ಬಾರ್ ಮತ್ತು ಬೆಲ್ಟ್ ಎರಡನ್ನೂ ಕೇಳಿ ಪಡೆಯಲಿ. ಕಮಾನಿದ್ದರೆ ಬೆಲ್ಟ್ ಹಾಕಲೇಬೇಕು, ಇಲ್ಲವಾದರೆ ಮಗುಚುವಾಗ ಮನುಷ್ಯ ಅದರ ಕೆಳಗೇ ಬೀಳುತ್ತಾನೆ. ಮಡ್‌ಗಾರ್ಡಿನ ಮೇಲೆ ಮಗುವನ್ನು ಕೂರಿಸುವುದೂ, ಟ್ರಾಲಿಯಲ್ಲಿ ಮದುವೆಯ ದಿಬ್ಬಣ ಹೊರಡಿಸುವುದೂ ನಿಲ್ಲಲಿ.

ಹೊರಗಿರುವವರಿಗೆ ಗೂಡಿಲ್ಲ

ಕೊನೆಯದಾಗಿ ಒಂದು ಮಾತು. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ನಡೆದ ರ‍್ಯಾಲಿಯ ವೇಳೆ, ಸ್ಪರ್ಧೆಗೆಂದು ಮೀಸಲಿಟ್ಟ ರಸ್ತೆಗೆ ಒಂದು ಬೈಕ್ ಬಂದುಬಿಟ್ಟಿತು. ರ‍್ಯಾಲಿ ಕಾರು ಅದಕ್ಕೆ ಡಿಕ್ಕಿಯಾಯಿತು. ಗೂಡಿನೊಳಗಿದ್ದವರು ಬದುಕಿದರು. ಬೈಕಿನಲ್ಲಿದ್ದ ಗಂಡ, ಹೆಂಡತಿ ಮತ್ತು ಮಗ ಮೂವರೂ ಸತ್ತರು. ಕಾವಲಿದ್ದ ಸ್ಪರ್ಧೆಯಲ್ಲೇ ಹೀಗಾದರೆ, ಜನ, ಎಮ್ಮೆ, ಶಾಲೆಯ ಮಕ್ಕಳು, ಭತ್ತದ ಲಾರಿ ಎಲ್ಲವೂ ಇರುವ ಬಳ್ಳಾರಿ–ಸಿರುಗುಪ್ಪ ರಸ್ತೆಯಲ್ಲಿ ರೇಸ್ ಮಾಡಿದರೆ ಏನಾದೀತು?

ಮಗನ ಆಸೆಯನ್ನು ಗದರಿಸಿ ಮುಚ್ಚಬೇಕಿಲ್ಲ. ಅವನಿಗೆ ನಿಜವಾಗಿ ವೇಗದ ಪ್ರತಿಭೆ ಇದ್ದರೆ ಬೆಂಗಳೂರು, ಚೆನ್ನೈ, ಕೊಯಮತ್ತೂರುಗಳಲ್ಲಿ ರೇಸಿನ ಕ್ಲಬ್ಬುಗಳಿವೆ, ತರಬೇತಿಯಿದೆ, ಪರವಾನಗಿ ಪಡೆಯುವ ಕ್ರಮವಿದೆ. ಆ ಸೀಟು ಮತ್ತು ಆ ಗೂಡು ಇರಬೇಕಾದ್ದು ಅಲ್ಲಿನ ಕಾರಿನಲ್ಲಿ. ಮನೆಯ ಕಾರನ್ನು ಕಾರ್ಖಾನೆಯಿಂದ ಬಂದಂತೆಯೇ ಇರಲು ಬಿಡಿ. ಮುಂದಿನ ಸಲ ಎಲ್ಲರೂ ಕಾರು ಹತ್ತಿದಾಗ, ಹಿಂದಿನ ಸೀಟಿನ ಸಂದಿಯಿಂದ ಬೆಲ್ಟನ್ನು ಹೊರಗೆಳೆದು, ಧೂಳು ಒರೆಸಿ, ಮೊದಲು ಅಜ್ಜಿಗೆ ಹಾಕಿ. ಎಲ್ಲರ ಬಕಲ್ ‘ಟಕ್’ ಎಂದ ಮೇಲೆ ಮಗ ಕೀಲಿ ತಿರುಗಿಸಲಿ.