ನಿಮಗಿದು ಗೊತ್ತೆ? 111 ಸೋಲುಗಳ ನಂತರದ ಖರೀದಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಹ್ಯೂಸ್ಟನ್ ಆಸ್ಟ್ರೋಸ್ ತಂಡ 2013ರಲ್ಲಿ ಆಡಿದ 162 ಪಂದ್ಯಗಳಲ್ಲಿ 111ನ್ನು ಸೋತಿತು. ಸೋಲಿನ ಸಂಖ್ಯೆ ನೂರು ದಾಟಿದ್ದು ಅದು ಸತತ ಮೂರನೇ ವರ್ಷ. ದುಬಾರಿ ಆಟಗಾರರನ್ನು ಬಿಟ್ಟುಕೊಟ್ಟು, ಎಳೆಯರನ್ನು ಬೆಳೆಸಿ ತಂಡವನ್ನು ಬುಡದಿಂದ ಕಟ್ಟುವ ಯೋಜನೆಗೆ ತೆತ್ತ ಬೆಲೆ ಅದು.

ಇಂಥ ತಂಡವನ್ನು ಹೆಚ್ಚು ಕಾಡುವುದು ಪಿಚರ್‌ಗಳ, ಅಂದರೆ ಚೆಂಡು ಎಸೆಯುವವರ, ಕೊರತೆ. ಪಂದ್ಯ ಆರಂಭಿಸುವ ಪಿಚರ್‌ಗೆ ಮುಂದಿನ ಸರದಿಗೆ ಮೊದಲು ಸಾಮಾನ್ಯವಾಗಿ ನಾಲ್ಕು ದಿನ ಬಿಡುವು ಬೇಕು. ಹಾಗಾಗಿ ಐವರ ಸರದಿ ರೂಢಿಯಲ್ಲಿದೆ. ಆದರೆ ಭುಜ, ಮೊಣಕೈ ಪೆಟ್ಟು ಈ ಕಸುಬಿಗೆ ಅಂಟಿಕೊಂಡೇ ಬರುವುದರಿಂದ ಐವರಷ್ಟೇ ಇದ್ದರೆ ಸಾಲದು.

ಈ ಕೊರತೆ ನೀಗಲು 2013ರ ಡಿಸೆಂಬರ್‌ನಲ್ಲಿ ಆಸ್ಟ್ರೋಸ್ ಅನುಭವಿ ಪಿಚರ್ ಸ್ಕಾಟ್ ಫೆಲ್ಡ್‌ಮನ್‌ಗೆ ಮೂರು ವರ್ಷಕ್ಕೆ 3 ಕೋಟಿ ಡಾಲರ್ ಕೊಟ್ಟಿತು. ಅದೇ ತಿಂಗಳು ಕೊಲೊರಾಡೊ ರಾಕೀಸ್ ತಂಡ ಕೈಬಿಟ್ಟ ಪಿಚರ್ ಕಾಲಿನ್ ಮೆಕ್‌ಹ್ಯೂ ಸದ್ದಿಲ್ಲದೆ ಸೇರಿಕೊಂಡರು. ಹೆಚ್ಚು ಫಲ ಕೊಟ್ಟದ್ದು ಈ ಅಗ್ಗದ ಆಯ್ಕೆಯೇ: 2015ರಲ್ಲಿ ಮೆಕ್‌ಹ್ಯೂ ಹೆಸರಿಗೆ 19 ಗೆಲುವು. ತಂಡದೊಳಗೇ ಬೆಳೆದ, ಹೊಸ ಆಟಗಾರರನ್ನು ಆರಿಸುವ 2009ರ ಡ್ರಾಫ್ಟ್‌ನಲ್ಲಿ ಏಳನೇ ಸುತ್ತಿನವರೆಗೂ ಉಳಿದಿದ್ದ ಡಲ್ಲಾಸ್ ಕೈಕಲ್ 2015ರಲ್ಲೇ 20 ಪಂದ್ಯ ಗೆದ್ದು, ಅಮೆರಿಕನ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದರು. ಕೊನೆಯ ಇನಿಂಗ್ಸ್‌ಗಳಿಗೆಂದು 2014ರ ಡಿಸೆಂಬರ್‌ನಲ್ಲಿ ಲ್ಯೂಕ್ ಗ್ರೆಗರ್ಸನ್, ಪ್ಯಾಟ್ ನೆಶೆಕ್ ಬಂದಿದ್ದರು.

2015ರಲ್ಲಿ 86 ಪಂದ್ಯ ಗೆದ್ದ ತಂಡ, ಹತ್ತು ವರ್ಷಗಳ ಬಳಿಕ ಪ್ಲೇಆಫ್ ತಲುಪಿತು. 2017ರಲ್ಲಿ ಚಾಂಪಿಯನ್ ಪಟ್ಟ ನಿರ್ಧರಿಸುವ ವರ್ಲ್ಡ್ ಸೀರೀಸ್ ಕೂಡ ಒಲಿಯಿತು. ಆದರೆ ಆ ವರ್ಷ ಎಸೆತ ಯಾವುದೆಂದು ತಿಳಿಸುವ ಎದುರಾಳಿಗಳ ಸನ್ನೆಗಳನ್ನು ಕ್ಯಾಮೆರಾದಿಂದ ಕದ್ದದ್ದು ಸಾಬೀತಾಗಿ, 2020ರಲ್ಲಿ ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು.