ಮಗುವಿನ ಕೈಗೆ ಮೊದಲನೆಯ ಕೋವಿ

ಮಕ್ಕಳು ಬೇಡುವ ವಸ್ತುಗಳಲ್ಲಿ ಕೆಲವನ್ನು ಕೊಟ್ಟು ಮರೆತುಬಿಡಬಹುದು. ಕೆಲವನ್ನು ಕೊಡದೆಯೇ ಸಮಾಧಾನ ಹೇಳಬಹುದು. ಕೊಟ್ಟಮೇಲೆ ಒಂದು ದಿನವೂ ಮರೆಯಲಾಗದ ವಸ್ತುವೊಂದುಂಟು, ಅದು ಕೋವಿ.

2008ರಲ್ಲಿ ಬೀಜಿಂಗ್ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಶ್ರೀ ಅಭಿನವ್ ಬಿಂದ್ರಾ ಅವರು 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಸುವರ್ಣಪದಕವನ್ನು ಗಳಿಸಿದರು. ವೈಯಕ್ತಿಕ ಸ್ಪರ್ಧೆಯಲ್ಲಿ ನಮ್ಮ ದೇಶಕ್ಕೆ ದೊರೆತ ಮೊದಲನೆಯ ಒಲಿಂಪಿಕ್ ಸುವರ್ಣವದು. ಅದಕ್ಕೂ ಮುನ್ನವೇ, 2000ದಲ್ಲಿ ಸಿಡ್ನಿಯಲ್ಲಿ ಶ್ರೀಮತಿ ಅಂಜಲಿ ಭಾಗವತರೂ 2004ರಲ್ಲಿ ಅಥೆನ್ಸಿನಲ್ಲಿ ಶ್ರೀಮತಿ ಸುಮಾ ಶಿರೂರರೂ ಇದೇ ಬಗೆಯ ಕೋವಿಯನ್ನು ಹಿಡಿದು ಅಂತಿಮ ಸುತ್ತನ್ನು ಮುಟ್ಟಿದ್ದರು. ಇಂತಹ ಸುದ್ದಿಗಳನ್ನು ಕೇಳಿದ ಹುಡುಗರೂ ಹುಡುಗಿಯರೂ “ನನಗೂ ಒಂದು ಕೋವಿ ಬೇಕು” ಎಂದು ತಂದೆತಾಯಿಗಳನ್ನು ಕಾಡುವುದು ಸಹಜವೇ. ಕೊಡುವುದಾದರೆ ಎಂತಹುದನ್ನು ಕೊಡಬೇಕೆಂಬುದೇ ಈ ಲೇಖನದ ವಿಚಾರ.

ಈ ಪ್ರಶ್ನೆ ಹೊಸತಲ್ಲ. 14ನೆಯ ಶತಮಾನದ ‘ಶಾರ್ಙ್ಗಧರಪದ್ಧತಿ’ ಎಂಬ ಸಂಸ್ಕೃತ ಸಂಕಲನದಲ್ಲಿ ಧನುರ್ವೇದಕ್ಕೆ ಮೀಸಲಾದ ಭಾಗವೊಂದಿದೆ. ಬಿಲ್ಲು ಬಿಲ್ಲುಗಾರನ ತೋಳ್ಬಲಕ್ಕಿಂತ ತುಸು ಕಡಮೆಯದಾಗಿಯೇ ಇರಬೇಕು, ಬಿಲ್ಲಿನಿಂದ ಪೀಡಿತನಾದವನಿಗೆ ಗುರಿಯೇ ಕಾಣದು ಎಂಬುದು ಅಲ್ಲಿಯ ಉಪದೇಶದ ತಾತ್ಪರ್ಯ. ಬಿಲ್ಲು ಹೋಗಿ ಕೋವಿ ಬಂದರೂ ಈ ನ್ಯಾಯ ಬದಲಾಗಿಲ್ಲ. ಮಗುವಿನ ಮೊದಲನೆಯ ಕೋವಿಯು ತೂಕದಲ್ಲಿ, ಉದ್ದದಲ್ಲಿ, ಶಕ್ತಿಯಲ್ಲಿ ಮಗುವಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು. ಮುಂದೆ ಹೇಳುವುದೆಲ್ಲವೂ ಈ ಒಂದು ಮಾತಿನ ವಿವರಣೆಯೇ ಆಗಿದೆ.

ಮೊದಲು ಶಕ್ತಿಯ ವಿಚಾರ. ಕೋವಿಗಳಲ್ಲಿ ಮದ್ದಿನಿಂದ ಹಾರುವವು, ಗಾಳಿಯ ಒತ್ತಡದಿಂದ ಹಾರುವವು ಎಂದು ಎರಡು ವರ್ಗಗಳುಂಟು. ಎನ್.ಸಿ.ಸಿ. ತರಬೇತಿಯಲ್ಲಿ ಬಳಸುವ ಪಾಯಿಂಟ್ ಟೂ ಟೂ ರೈಫಲ್ ಮದ್ದಿನ ವರ್ಗದ್ದು. ಅದರ ಗುಂಡು ಕಾಣುವುದಕ್ಕೆ ಕಡಲೆಕಾಯಿಯ ಬೀಜದಷ್ಟೇ ಇದ್ದರೂ ಒಂದು ಮೈಲಿಗೂ ಆಚೆ ಹೋಗಿ ಬೀಳಬಲ್ಲುದು. ಆದುದರಿಂದ ಅದು ಹಿಂದೆ ಎತ್ತರದ ಮಣ್ಣಿನ ದಿಬ್ಬವಿರುವ ರೇಂಜಿಗೆ ಸೇರಿದ ಆಯುಧವೇ ಹೊರತು ಮನೆಯದಲ್ಲ. 1959ರ ಆಯುಧ ಕಾಯಿದೆಯಂತೆ ಮದ್ದಿನ ಕೋವಿಗೆ ಲೈಸೆನ್ಸು ಬೇಕು. 21 ವರ್ಷ ತುಂಬದವರು ಅದನ್ನು ಹೊಂದುವಂತಿಲ್ಲ. ತರಬೇತಿಯ ಸಂದರ್ಭದಲ್ಲಿ ನಿಯಮಬದ್ಧವಾಗಿ ಬಳಸುವುದಕ್ಕೆ ಮಾತ್ರ ಕಾಯಿದೆಯಲ್ಲಿ ಅವಕಾಶವುಂಟು.

ಹೀಗಾಗಿ ಮೊದಲನೆಯ ಕೋವಿಯೆಂದರೆ ಏರ್‌ಗನ್ನೇ ಸರಿ. ನಳಿಗೆಯ ಒಳಗಲ ಪಾಯಿಂಟ್ ಒನ್ ಸೆವೆನ್ ಸೆವೆನ್, ಎಂದರೆ 4.5 ಮಿಲಿಮೀಟರ್ ಇದ್ದು, ಗುಂಡು ಹೊರಬೀಳುವಾಗಿನ ಶಕ್ತಿ 20 ಜೂಲ್‌ಗಳನ್ನು ಮೀರದ ಏರ್‌ಗನ್ನಿಗೆ 2016ರ ಆಯುಧ ನಿಯಮಗಳು ಲೈಸೆನ್ಸನ್ನು ವಿಧಿಸಿಲ್ಲ. ಕಾಗದದ ಗುರಿಯನ್ನು ತೂತು ಮಾಡಲು ಅದಕ್ಕಿಂತ ಬಹಳ ಕಡಮೆ ಶಕ್ತಿ ಸಾಕು. ಅಂಗಡಿಯವನು “ಇದು ಎಲ್ಲಕ್ಕಿಂತ ಜೋರಿನದು” ಎಂದು ಹೊಗಳಿದ ಕೋವಿಯನ್ನು ಬದಿಗಿಡಿರಿ. ಕೋವಿಯು ಹಿರಿಯರ ಹೆಸರಿನಲ್ಲಿರಲಿ. ರಸೀತಿಯನ್ನು ಜೋಪಾನ ಮಾಡಿರಿ.

ಇನ್ನು ತೂಕ. ದೊಡ್ಡವರ ಏರ್‌ಗನ್ನು ಸಾಮಾನ್ಯವಾಗಿ 3 ಕಿಲೋಗ್ರಾಂಗಳಿಗೆ ಕಡಮೆಯಿರುವುದಿಲ್ಲ. ಸ್ಪರ್ಧೆಯ ಏರ್ ರೈಫಲ್ 5.5 ಕಿಲೋಗ್ರಾಂವರೆಗೂ ಇರಬಹುದು. ಹತ್ತು ಹನ್ನೊಂದು ವರ್ಷದ ಮಗುವಿಗೆ 2 ಅಥವಾ 2.5 ಕಿಲೋಗ್ರಾಂ ತೂಕವೇ ಸಾಕಾದೀತು. ಇದಕ್ಕೆ ತಕ್ಕಡಿ ಬೇಡ. ಮಗುವು ಖಾಲಿ ಕೋವಿಯನ್ನು ಹೆಗಲಿಗೇರಿಸಿ ಗೋಡೆಯ ಮೇಲಣ ಒಂದು ಚುಕ್ಕೆಯನ್ನು ನೋಡುತ್ತಿರಲಿ. ನೀವು ನಿಧಾನವಾಗಿ ಮೂವತ್ತರವರೆಗೆ ಎಣಿಸಿರಿ. ಅಷ್ಟರೊಳಗೆ ನಳಿಗೆಯ ತುದಿ ಬಾಗಿದರೆ, ಅಥವಾ ಭಾರ ತಾಳಲಾರದೆ ಮಗುವು ಬೆನ್ನನ್ನು ಹಿಂದಕ್ಕೆ ವಾಲಿಸಿದರೆ, ಆ ಕೋವಿ ಈಗ ಬೇಡ. “ಬೆಳೆಯುವ ಮಗು, ದೊಡ್ಡದನ್ನೇ ಕೊಂಡರೆ ಮುಂದಕ್ಕೂ ಆದೀತು” ಎಂಬ ಮಿತವ್ಯಯದ ಬುದ್ಧಿ ಅಂಗಿಯ ವಿಷಯದಲ್ಲಿ ಒಳ್ಳೆಯದು, ಕೋವಿಯ ವಿಷಯದಲ್ಲಿ ಅಲ್ಲ. ಅಳತೆ ಮೀರಿದ ಕೋವಿಯಿಂದ ಕಲಿತ ವಕ್ರಭಂಗಿಯು ಮುಂದೆ ಸರಿಯಾದ ಕೋವಿ ಕೈಗೆ ಬಂದಾಗಲೂ ಬಿಟ್ಟುಹೋಗದು.

ಉದ್ದವನ್ನು ಪರೀಕ್ಷಿಸುವ ಕ್ರಮವೂ ಸುಲಭವೇ. ಹೆಗಲಿಗೆ ಒತ್ತುವ ಮರದ ಹಿಂಬದಿಯನ್ನು ಮಡಿಸಿದ ಮೊಣಕೈಯ ಒಳಭಾಗಕ್ಕೆ ತಾಗಿಸಿದರೆ ಮಗುವಿನ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರನ್ನು ನಿರಾಯಾಸವಾಗಿ ಮುಟ್ಟಬೇಕು. ಹಿಂಬದಿಗೆ ಬಿಲ್ಲೆಗಳನ್ನು ಸೇರಿಸಿ ಉದ್ದಮಾಡಿಕೊಳ್ಳಬಹುದಾದ ಕೋವಿ ದೊರೆತರೆ ಉತ್ತಮ. ಮಗು ಬೆಳೆದಂತೆ ಅದೂ ಬೆಳೆಯುವುದು.

ಅನೇಕರು ಮರೆಯುವ ಸಂಗತಿ ಕಣ್ಣಿನದು. ನಮ್ಮ ಎರಡು ಕಣ್ಣುಗಳಲ್ಲಿ ಒಂದು ಯಜಮಾನನಂತೆ ವರ್ತಿಸುತ್ತದೆ. ಮಗುವು ಎರಡು ಅಂಗೈಗಳನ್ನು ಮುಂದೆ ಚಾಚಿ, ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿಯನ್ನು ಮಾಡಿ, ಅದರೊಳಗಿಂದ ದೂರದ ದೀಪವನ್ನು ಎರಡು ಕಣ್ಣುಗಳಿಂದಲೂ ನೋಡಲಿ. ಬಳಿಕ ಒಂದೊಂದೇ ಕಣ್ಣನ್ನು ಮುಚ್ಚಲಿ. ಯಾವ ಕಣ್ಣು ತೆರೆದಿದ್ದಾಗ ದೀಪವು ಕಿಂಡಿಯಲ್ಲಿಯೇ ನಿಲ್ಲುವುದೋ ಅದೇ ಯಜಮಾನ. ಬಲಗೈಯಲ್ಲಿ ಬರೆಯುವ ಮಗುವಿಗೆ ಎಡಗಣ್ಣು ಯಜಮಾನನಾಗಿರುವುದುಂಟು. ಅಂತಹ ಮಗುವಿಗೆ ಎಡಹೆಗಲಿನಿಂದ ಹೊಡೆಯುವುದನ್ನು ಕಲಿಸಬೇಕೆ ಎಂಬುದನ್ನು ಶಿಕ್ಷಕರೊಡನೆ ಆಲೋಚಿಸಿ, ಅನಂತರವೇ ಕೋವಿಯನ್ನು ಕೊಳ್ಳಬೇಕು.

ಏರ್‌ಗನ್ನುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ನಳಿಗೆಯನ್ನು ಮಡಿಸಿ ಸ್ಪ್ರಿಂಗನ್ನು ಬಿಗಿಮಾಡುವ ಜಾತಿ. ಇದಕ್ಕೆ ಬೇರೆ ಸಲಕರಣೆ ಬೇಡ. ಎಷ್ಟೋ ವರ್ಷ ಬಾಳುತ್ತದೆ. ಆದರೆ ಮಗುವು ನಳಿಗೆಯನ್ನು ತಾನೇ ಮಡಿಸಬಲ್ಲುದೆ ಎಂಬುದನ್ನು ನೋಡಬೇಕು. ಎದೆಗೆ ಒತ್ತಿಕೊಂಡು, ಮೊಣಕಾಲಿಗೆ ಊರಿಕೊಂಡು ಹೆಣಗಬೇಕಾದರೆ ನಳಿಗೆಯು ಕೈಜಾರಿ ಚಿಮ್ಮಿ ಬೆರಳುಗಳನ್ನು ಜಜ್ಜೀತು. ಗುಂಡು ತುಂಬುವಾಗಲೂ ಮತ್ತೊಂದು ಕೈ ನಳಿಗೆಯನ್ನು ಬಿಡಬಾರದು. ಗುಂಡಿಲ್ಲದೆ ಸ್ಪ್ರಿಂಗನ್ನು ಬಿಡುವುದೂ ಸಲ್ಲದು. ಒಳಗಿನ ಪಿಸ್ಟನ್ನು ಕೆಡುತ್ತದೆ.

ಇನ್ನೊಂದು ಜಾತಿಯಲ್ಲಿ ಕೋವಿಗೆ ಜೋಡಿಸಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿಯನ್ನು ಮೊದಲೇ ತುಂಬಿರುತ್ತಾರೆ. ಸ್ಪರ್ಧಾಳುಗಳು ಬಳಸುವುದು ಇದನ್ನೇ. ಹೊಡೆದಾಗ ಅಲುಗಾಟ ಬಹಳ ಕಡಮೆ. ಮಗುವಿನ ತೋಳಿಗೆ ಶ್ರಮವಿಲ್ಲ. ಆದರೆ ಬೆಲೆ ಹೆಚ್ಚು, ಗಾಳಿ ತುಂಬುವ ಸಾಧನವೂ ಬೇಕು. ಇಂತಹ ಕೋವಿಯನ್ನು ಸೆಕೆಂಡ್‌ಹ್ಯಾಂಡಾಗಿ ಕೊಳ್ಳುವವರು ಸಿಲಿಂಡರಿನ ಮೇಲೆ ಕೊರೆದಿರುವ ದಿನಾಂಕವನ್ನು ತಪ್ಪದೆ ನೋಡಬೇಕು. ಸ್ಪರ್ಧೆಯ ಸಿಲಿಂಡರುಗಳ ಆಯುಷ್ಯ 10 ವರ್ಷವೆಂದು ಎಣಿಕೆ. ಅವಧಿ ಮುಗಿದುದು ಎಷ್ಟು ಹೊಳೆಯುತ್ತಿದ್ದರೂ ಬೇಡ.

ದುರ್ಬೀನು ಬೇಡವೇ ಬೇಡ. ದುರ್ಬೀನು ಕೈಯ ನಡುಕವನ್ನೂ ದೊಡ್ಡದಾಗಿ ತೋರಿಸಿ ಮಗುವನ್ನು ಗಾಬರಿಗೊಳಿಸುತ್ತದೆ. ಉಸಿರನ್ನು ನಿಲ್ಲಿಸಿ ಟ್ರಿಗರನ್ನು ಮೆಲ್ಲಗೆ ಒತ್ತುವ ಅಭ್ಯಾಸವನ್ನಂತೂ ಅದು ಕಲಿಸದು. ತೆರೆದ ಸೈಟಾಗಲಿ, ಸಣ್ಣ ರಂಧ್ರದೊಳಗಿಂದ ನೋಡುವ ಪೀಪ್ ಸೈಟಾಗಲಿ ಇರಲಿ. ಗುಂಡುಗಳಲ್ಲಿ ಚಪ್ಪಟೆ ಮೂತಿಯವು ಕಾಗದವನ್ನು ಅಚ್ಚು ಹಾಕಿದಂತೆ ಕತ್ತರಿಸುವುದರಿಂದ ಎಣಿಕೆಗೆ ಅನುಕೂಲ. ಅವು ಬಹುಮಟ್ಟಿಗೆ ಸೀಸದವು. ಮಕ್ಕಳು ಅವನ್ನು ಬಾಯಲ್ಲಿಟ್ಟುಕೊಳ್ಳಬಾರದು. ಅಭ್ಯಾಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆದೇ ತಿಂಡಿಗೆ ಕೂಡಬೇಕು.

ಇಷ್ಟು ಓದಿದವರು ಅಂಗಡಿಗೆ ಹೊರಡುವ ಮೊದಲು ಒಂದು ಮಾತು. ಹತ್ತಿರದಲ್ಲಿ ರೈಫಲ್ ಸಂಘವಿದ್ದರೆ ಮೊದಲ ಕೆಲವು ತಿಂಗಳು ಮಗುವು ಅಲ್ಲಿಯ ಕೋವಿಯಿಂದಲೇ ಕಲಿಯಲಿ. ಒಲಿಂಪಿಕ್ ಗುರಿಯ ಕಾಗದದಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಅದನ್ನು 10 ಮೀಟರ್ ದೂರದಿಂದ ಹೊಡೆಯಬೇಕು. ಈ ಕೆಲಸಕ್ಕೆ ಬೇಕಾದುದು ತಾಳ್ಮೆ. ಮೊದಲ ವಾರದ ಉತ್ಸಾಹವು ಮೂರನೆಯ ತಿಂಗಳಿಗೂ ಉಳಿದರೆ ಆಗ ಕೊಳ್ಳಿರಿ. ಉಳಿಯದಿದ್ದರೆ ಹಣವಾದರೂ ಉಳಿಯಿತು.

ಮನೆಯಲ್ಲಿ ಅಭ್ಯಾಸ ಮಾಡಿಸುವವರು ಗುರಿಯ ಹಿಂದೆ ಬಾಗಿಲು, ಕಿಟಕಿ, ಓಡಾಟದ ದಾರಿ ಇಲ್ಲದ ಗೋಡೆಯನ್ನು ಆರಿಸಿಕೊಳ್ಳಬೇಕು. ಬರಿಯ ಕಲ್ಲುಗೋಡೆಗೆ ತಾಗಿದ ಗುಂಡು ಮರಳಿ ಚಿಮ್ಮೀತು. ಆದ್ದರಿಂದ ಗುರಿಯ ಹಿಂದೆ ಮರಳಿನ ಮೂಟೆಗಳಿರಲಿ, ಅಲ್ಲಿರುವವರೆಲ್ಲರ ಕಣ್ಣಿಗೂ ಕನ್ನಡಕವಿರಲಿ. ಮಗುವಿಗೆ ನಾಲ್ಕು ನಿಯಮಗಳು ಬಾಯಿಪಾಠವಾಗಬೇಕು. ಖಾಲಿಯೆಂದು ತಿಳಿದ ಕೋವಿಯನ್ನೂ ತುಂಬಿದ್ದೆಂದೇ ಎಣಿಸತಕ್ಕದ್ದು. ಹೊಡೆಯಬಾರದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸಕೂಡದು. ಗುರಿ ಸಿದ್ಧವಾಗುವವರೆಗೆ ಬೆರಳು ಟ್ರಿಗರನ್ನು ಮುಟ್ಟಕೂಡದು. ಗುರಿಯ ಹಿಂದೇನಿದೆಯೆಂಬುದನ್ನು ಅರಿಯದೆ ಹೊಡೆಯಕೂಡದು. ಈ ನಾಲ್ಕನ್ನು ಹಿರಿಯರೂ ಮೀರದಿದ್ದರೆ ಮಾತ್ರ ಮಗುವಿಗೆ ನಂಬಿಕೆ ಬರುವುದು. ಅಭ್ಯಾಸದ ಬಳಿಕ ಕೋವಿ ಒಂದು ಬೀಗದೊಳಗೆ, ಗುಂಡುಗಳು ಇನ್ನೊಂದು ಬೀಗದೊಳಗೆ. ಎರಡು ಕೀಲಿಗಳೂ ಹಿರಿಯರ ಬಳಿ.

ಆಯುಧವನ್ನು ಆಟಿಕೆಯಾಗಿಸದೆ ಮನೆಯಲ್ಲಿರಿಸಿಕೊಳ್ಳುವ ಬಗೆಯನ್ನು ನಮ್ಮ ಕೊಡಗಿನಲ್ಲಿ ಕಾಣಬಹುದು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಕೊಡಗನ್ನು ನಿರಾಯುಧೀಕರಣದ ಕಾಯಿದೆಯಿಂದ ಹೊರಗಿಟ್ಟರು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿಷಯದಲ್ಲಿರುವ ವಿನಾಯಿತಿಯನ್ನು ಕೇಂದ್ರಸರ್ಕಾರವು 2019ರಲ್ಲಿ ಮತ್ತೆ 2029ರವರೆಗೆ ಮುಂದುವರಿಸಿತು. ಗದ್ದೆಯ ನಾಟಿ ಮುಗಿದಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಶುಚಿಮಾಡಿ, ತೋಕ್‌ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಬಳಿಕ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ. ಕೋವಿಯು ಗೌರವದ ವಸ್ತುವೆಂಬ ಭಾವನೆ ಅಲ್ಲಿಯ ಮಗುವಿಗೆ ಹಬ್ಬದಿಂದಲೇ ಬರುತ್ತದೆ. ಹಬ್ಬವಿಲ್ಲದ ನಮ್ಮಂತಹವರ ಮನೆಗಳಲ್ಲಿ ಬೀಗವೂ ನಿಯಮವೂ ಆ ಭಾವನೆಯನ್ನು ಬೆಳೆಸಬೇಕು.

ಕೊನೆಯದಾಗಿ, ಅತ್ಯಂತ ಮುಖ್ಯವಾದ ಮಾತು. ಏರ್‌ಗನ್ನು ಕೈಗೆ ಬಂದ ಮಗುವಿನ ಕಣ್ಣು ಮೊದಲು ಹೋಗುವುದು ಮರದ ಮೇಲಿನ ಹಕ್ಕಿಯ ಕಡೆಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇದಕ್ಕೆ ದಂಡನೆಯನ್ನು ವಿಧಿಸಿದೆ. ಆದರೆ ದಂಡನೆಯ ಭಯಕ್ಕಿಂತ ಹಿರಿದಾದ ಕಾರಣವನ್ನು ಮಗುವಿಗೆ ತಿಳಿಸಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಯ ಬಾಲಕನೊಬ್ಬನು ತನ್ನ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಕೆಡವಿದನು. ಅದರ ಕೊರಳಿನ ಮೇಲೆ ಹಳದಿಯ ಗುರುತಿತ್ತು. ಅದು ಯಾವ ಹಕ್ಕಿಯೆಂದು ತಿಳಿಯುವ ಕುತೂಹಲ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡರ ಬಳಿಗೆ ಕರೆತಂದಿತು. ಅವರು ಹಕ್ಕಿಯ ಹೆಸರನ್ನು ಹೇಳಿದುದಲ್ಲದೆ ಸೊಸೈಟಿಯ ಸಂಗ್ರಹವನ್ನೂ ತೋರಿಸಿದರು. ಆ ಬಾಲಕನೇ ಮುಂದೆ ಪಕ್ಷಿಶಾಸ್ತ್ರಜ್ಞ ಡಾಕ್ಟರ್ ಸಾಲಿಂ ಅಲಿಯೆಂದು ಲೋಕವಿಖ್ಯಾತನಾದನು. 1985ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ಆ ಗುಬ್ಬಿಯ ಪತನದ ಹೆಸರನ್ನೇ ಇಟ್ಟರು. ಎಲ್ಲ ಮಕ್ಕಳಿಗೂ ಮಿಲಾರ್ಡರಂತಹ ಹಿರಿಯರು ದೊರೆಯುವುದಿಲ್ಲ. ಸತ್ತ ಗುಬ್ಬಿಗಂತೂ ಅದರಿಂದ ಪ್ರಯೋಜನವಿಲ್ಲ. ದ್ರೋಣಾಚಾರ್ಯರು ಶಿಷ್ಯರ ಪರೀಕ್ಷೆಗೆ ಮರದ ಮೇಲಿರಿಸಿದ್ದೂ ಕೃತಕ ಪಕ್ಷಿಯನ್ನೇ ಎಂಬುದನ್ನು ನಾವು ಮಕ್ಕಳಿಗೆ ಹೇಳಲು ಮರೆಯುತ್ತೇವೆ.

ಆದುದರಿಂದ, ಕೋವಿಯನ್ನು ಕೊಡುವ ದಿನವೇ ಒಂದು ಕಟ್ಟು ಗುರಿಯ ಕಾಗದಗಳನ್ನೂ ಕೊಡಿರಿ. ಮೊದಲನೆಯ ವರ್ಷ ಅದರ ಹೊರತು ಬೇರೆ ಗುರಿಯಿರದಿರಲಿ. ಹೊಡೆದ ಪ್ರತಿ ಕಾಗದದ ಮೇಲೆ ದಿನಾಂಕವನ್ನು ಬರೆದು ಮಗುವೇ ಜೋಡಿಸಿಡಲಿ. ಯಾರೂ ಹೇಳದೆಯೇ ನಳಿಗೆಯನ್ನು ಕೆಳಮುಖವಾಗಿಸಿ, ತೆರೆದು ನೋಡಿ, ಖಾಲಿಯೆಂದು ತೋರಿಸಿ ಮಗುವು ಕೋವಿಯನ್ನು ನಿಮ್ಮ ಕೈಗೆ ಒಪ್ಪಿಸುವ ಅಭ್ಯಾಸ ನೆಲೆನಿಂತಿತೆಂದರೆ, ಮೊದಲನೆಯ ಕೋವಿಯು ತನ್ನ ಕೆಲಸವನ್ನು ಮಾಡಿತೆಂದು ತಿಳಿಯಿರಿ. ಎರಡನೆಯದರ ಆಲೋಚನೆಯನ್ನು ಆಗ ಮಾಡಬಹುದು.